ಹಳೆಯ ಪಿಕಪ್ಪಿಗೆ ಹೊಸ ಬೊಟ್ಟು

ಹೊಸತು ಅಂದರೆ ನಮಗೆ ಹೊಸತು, ಅಷ್ಟೇ.
ಹನ್ನೊಂದು ವರ್ಷ ಯಾರದೋ ಕೈಯಲ್ಲಿ ಪಳಗಿ
ಬ್ಯಾಂಕಿನವರ ಅಂಗಳದಲ್ಲಿ ಎರಡು ಮಳೆಗಾಲ ನೆನೆದು
ಹರಾಜಿನಲ್ಲಿ ನನ್ನ ಪಾಲಿಗೆ ಬಂದ ಗಾಡಿ.
ಬಣ್ಣ ಒಂದು ಕಾಲಕ್ಕೆ ನೀಲಿ.

ಯಸೋಥೋನಿನ ಸಂತೆಗೆ ಮಂಜುಗಡ್ಡೆ ಹಾಕುವವಳು ನಾನು.
ಇಷ್ಟು ದಿನ ಮೂರು ಗಾಲಿಯ ತಳ್ಳುಗಾಡಿ;
ಮೀನಿನ ಸಾಲು ಮುಟ್ಟುವಷ್ಟರಲ್ಲಿ ಕಾಲುಭಾಗ ಸರಕು
ದಾರಿಯ ನಾಯಿಗಳಿಗೆ ನೀರಾಗಿ ಸಂದಾಯ.

"ಶನಿವಾರ ಬೇಡ," ಅಂದಳು ಅತ್ತೆ ಬುನ್‌ಲೋಮ್,
"ಗುರುವಾರ ಹೋಗು, ಒಂಬತ್ತು ಗಂಟೆ ಒಂಬತ್ತು ನಿಮಿಷಕ್ಕೆ.
ಗಾಡಿಯೊಳಗೂ ಒಬ್ಬ ತಾಯಿ ಇರುತ್ತಾಳೆ, ಮೇ ಯಾ ನಾಂಗ್.
ಮೊದಲು ದೋಣಿಯ ಮೂತಿಯಲ್ಲಿ ಕೂತಿದ್ದವಳು,
ದೋಣಿ ಹೋಗಿ ಗಾಲಿ ಬಂದರೂ ಇಳಿದು ಹೋಗಲಿಲ್ಲ.
ಟೈರಿಗೆ ಒದೆಯಬೇಡ.
ಕೆಟ್ಟು ನಿಂತರೂ ಬಯ್ಯಬೇಡ.
ಬಯ್ಯಲೇಬೇಕಾದರೆ ದೂರ ಹೋಗಿ ಬಯ್ಯಿ."

ವಾಟ್‌ನ ಅಂಗಳ, ಹುಣಿಸೆ ನೆರಳು.
ಕಿತ್ತಳೆ ಬಕೆಟ್ಟಿನಲ್ಲಿ ಸೋಪು, ಟೀಪುಡಿ, ಸೊಳ್ಳೆಬತ್ತಿ,
ಮೇಲೊಂದು ತೆಳ್ಳನೆಯ ಲಕೋಟೆ.
ಮುದಿ ಭಿಕ್ಷು ಖಮ್‌ತಾ ತಮ್ಮ ಮುಂದೊಂದು ಬಟ್ಟೆ ಹಾಸಿದರು,
ನಾನು ಅದರ ಮೇಲಿಟ್ಟೆ, ಅವರು ಬಟ್ಟೆ ಎಳೆದುಕೊಂಡರು.
ನನ್ನ ಕೈಗೂ ಅವರ ಕೈಗೂ ನಡುವೆ
ಒಂದು ಮೊಳ ಕಾವಿ.

ಬಿಳಿಮಣ್ಣನ್ನು ಗಂಧದ ನೀರಲ್ಲಿ ಕಲಸಿ
ಚಾಲಕನ ಸೀಟು ಹತ್ತಿ ಕೂತು
ಚಾವಣಿಗೆ ಬೆರಳೆತ್ತಿದವರು
ಹಾಗೇ ತಡೆದರು.

ಅಲ್ಲಿ ಆಗಲೇ ಒಂಬತ್ತು ಚುಕ್ಕೆ.
ಮಾಸಿ, ಸಿಗರೇಟಿನ ಹೊಗೆ ಹಿಡಿದು,
ಒಂದರ ಮೇಲೊಂದು ಸಣ್ಣದೊಂದು ಗೋಪುರ,
ಯಾರೋ ಯಾರಿಗೋ ಹಾರೈಸಿದ್ದು.

ನನ್ನೆದೆ ಧಸಕ್ಕೆಂದಿತು.
ಹರಸಿದ ಗಾಡಿಯೇ ಹರಾಜಿಗೆ ಬಿತ್ತಲ್ಲ!
ಸೀಟಿನ ಸಂದಿಯಲ್ಲಿ ಸಿಕ್ಕಿದ್ದ ಕೂದಲ ಕ್ಲಿಪ್ಪು ನೆನಪಾಯಿತು,
ಹಳದಿ ಬಾತುಕೋಳಿ, ಒಂದು ಕಣ್ಣು ಉದುರಿದ್ದು.
"ಒರೆಸಿಬಿಡಿ ಅಜ್ಜಾ," ಅಂದೆ,
ಒದ್ದೆ ಬಟ್ಟೆ ಹಿಂಡಿಕೊಂಡೇ ನಿಂತೆ.

ಅವರು ಒರೆಸಲಿಲ್ಲ.
"ಹನ್ನೊಂದು ವರ್ಷ ಓಡಿದೆ.
ಮುಂದಿನ ತಗಡು ನೋಡು, ಎಲ್ಲೂ ಬಡಿದ ಗುರುತಿಲ್ಲ.
ಸಾಲ ತೀರಿಸುವುದು ಚುಕ್ಕೆಯ ಕೆಲಸವಲ್ಲ ಮಗಳೇ."

ಹಳೆಯ ಚುಕ್ಕೆಗಳ ಪಕ್ಕದಲ್ಲೇ ಇಟ್ಟರು ಹೊಸದನ್ನು,
ಒಂದೊಂದಕ್ಕೂ ತುಟಿಯಲ್ಲಿ ಪಾಲಿಯ ಒಂದು ತುಣುಕು.
ಕೊನೆಗೆ, ಈ ಗಾಡಿ ಕಳಕೊಂಡ ಮನೆಗೂ, ಅಂದರು,
ನಮಗೆ ಹೆಸರು ಗೊತ್ತಿಲ್ಲದ ಆ ಮನೆಗೂ.
ಸ್ಟೇರಿಂಗಿಗೆ ಬಿಳಿ ನೂಲು ಸುತ್ತಿದರು.
ಕಡ್ಡಿಯ ಕಟ್ಟು ಅದ್ದಿ ಎರಚಿದ ನೀರು
ಬಾನೆಟ್ಟಿಗೆ, ಗಾಜಿಗೆ, ನನ್ನ ಮುಖಕ್ಕೆ, ನಿದ್ದೆಯ ಬೆಕ್ಕಿಗೆ.
ಬೆಕ್ಕು ಮಾತ್ರ ಎದ್ದು ಹೋಯಿತು.

ಇನ್ನೇನು ಇಳಿಯಬೇಕು, ಇಳಿಯಲಿಲ್ಲ.
ಕಾವಿಯ ಅಂಚಿನಡಿ ಅವರ ಎಡಪಾದ
ತಾನಾಗಿ ಕ್ಲಚ್ಚು ಹುಡುಕುತ್ತಿತ್ತು.
ಕೈ ಗೇರಿನ ಗುಂಡಿನ ಮೇಲೆ,
ಹಳೆಯ ಗೆಳೆಯನ ಬೋಳುತಲೆ ಸವರಿದ ಹಾಗೆ.
ಚೀವರ ಹೊದೆಯುವ ಮುನ್ನ ಇಪ್ಪತ್ತೆರಡು ವರ್ಷ
ಹತ್ತು ಗಾಲಿಯ ಲಾರಿ ಓಡಿಸಿದವರಂತೆ,
ಉದೋನ್‌ನಿಂದ ಬಂದರಿನ ತನಕ, ಕಬ್ಬು, ಸಿಮೆಂಟು, ಒಮ್ಮೆ ಆನೆ.
ಆಮೇಲೆ ಗೊತ್ತಾಯಿತು ನನಗೆ.

ಆ ಹೊತ್ತು ನೋಡಿದ್ದು ಇಷ್ಟೇ:
ಬೀಗದ ಕೈ ನನ್ನ ಸೊಂಟದಲ್ಲಿ,
ಸದ್ದಿಲ್ಲದ ಗಾಡಿಯಲ್ಲಿ ಒಬ್ಬ ಭಿಕ್ಷು
ಯಾವುದೋ ಘಾಟಿ ಇಳಿಯುತ್ತಿದ್ದರು.

ಕಾಲೊತ್ತಿದರು, ಮತ್ತೊಮ್ಮೆ ಒತ್ತಿದರು, ಹುಬ್ಬು ಗಂಟಾಯಿತು.
"ಬ್ರೇಕು ಮೆತ್ತಗಿದೆ. ಸಂತೆಗಲ್ಲ,
ಮೊದಲು ಗ್ಯಾರೇಜಿಗೆ ಹೋಗು.
ಬುದ್ಧನ ಮೇಲೆ ಭಾರ ಹಾಕಿ ಇಳಿಜಾರಿಗೆ ಬಿಡಬೇಡ."

ಕನ್ನಡಿಗೆ ಮಲ್ಲಿಗೆ ಮಾಲೆ, ಅದರ ತುದಿಗೆ ಬಾತುಕೋಳಿ,
ಹತ್ತರ ವೇಗದಲ್ಲಿ ಹೋದೆ.
ಹಸಿ ಚುಕ್ಕೆಯೊಂದು ಕುಲುಕಿಗೆ ತೊಟ್ಟಿಕ್ಕಿ
ಮಡಿಲಲ್ಲಿ ಬಿತ್ತು, ಒರೆಸಿಕೊಳ್ಳಲಿಲ್ಲ.
ಗ್ಯಾರೇಜಿನ ಹುಡುಗ ಎಣ್ಣೆಗೈಯಲ್ಲೇ
ಗಾಡಿಯಡಿ ತೂರುವ ಮುನ್ನ ಒಮ್ಮೆ ಕೈಮುಗಿದ.
ತಾಯಿಗೋ,
ಜಾಕಿಗೋ.