ಒಂದು ದೀರ್ಘ

ಹದಿನೇಳು ದಿನಚರಿಗಳು
ಗೋಣಿಚೀಲದಲ್ಲಿ ಕಾಜೂಬಾಗದ ನನ್ನ ಬಾಗಿಲಿಗೆ ಬಂದವು.
ವಾಚನಾಲಯದ ಸೈಲ ಮಾಸ್ತರರು ಸೈಕಲ್ಲು ಒರಗಿಸಿ
"ನೀವು ಪ್ರೆಸ್ಸಿನವರು, ಕರಡು ತಿದ್ದಿದ ಕಣ್ಣು,
ಅಂಕ ಹಾಕಿಕೊಡಿ" ಎಂದರು.
ಒಂದು ಹಾಳೆ, ಅದರಲ್ಲಿ ಮೂರು ಮನೆ:
ಬರಹಕ್ಕೆ ನಲವತ್ತು, ಅಂದಕ್ಕೆ ಮೂವತ್ತು,
ಮನ ಸೆಳೆದದ್ದಕ್ಕೆ ಉಳಿದ ಮೂವತ್ತು.
ಯಾರ ಮನ? ಕೇಳುವಷ್ಟರಲ್ಲಿ
ಮಾಸ್ತರರು ಗೇಟು ದಾಟಿದ್ದರು.

ಮೊದಲನೆಯದು ರೇವಣಕರರದು. ಚಿನ್ನದ ಅಂಗಡಿ.
ಅಕ್ಷರವೋ, ಎರಕ ಹೊಯ್ದು ಉಜ್ಜಿದ ಹಾಗೆ.
ತಾರೀಕಿಗೆ ಕೆಂಪು ಶಾಯಿ, ಅಂಚಿಗೆ ಬಳ್ಳಿ,
ಪ್ರತಿ ಪುಟದ ತಲೆಗೊಂದು ಸುಭಾಷಿತ.
ಅಂದಕ್ಕೆ ಇಪ್ಪತ್ತೊಂಬತ್ತು ಕೊಟ್ಟೆ.
ಒಳಗೆ ಮನುಷ್ಯನನ್ನು ಹುಡುಕಿದೆ;
ಏಪ್ರಿಲ್ ಒಂಬತ್ತರಂದು ಒಮ್ಮೆ ಸಿಕ್ಕಿದರು,
ಹಲ್ಲುನೋವಿನಲ್ಲಿ.
ಮಾರನೇ ದಿನ ಮತ್ತೆ ಸುಭಾಷಿತ.

ನರ್ಸ್ ಎವೆಲಿನ್ ಬರೆಯುವುದು ರಾತ್ರಿಪಾಳಿಯಲ್ಲಿ,
ಸಾಲುಗಳು ಕೆಳಕ್ಕೆ ಜಾರುತ್ತವೆ.
ಒಂದು ಕಡೆ ಪೆನ್ನೇ ನಿದ್ದೆಹೋಗಿ
ಪುಟದ ಅಂಚಿನವರೆಗೆ ಎಳೆದ ಗೆರೆ.
ಅದಕ್ಕೆ ಯಾವ ಮನೆಯಲ್ಲಿ ಅಂಕ?
ಮಾಜಾಳಿ ಬಸ್ಸಿನ ಕಂಡಕ್ಟರು
ಹರಿದ ಟಿಕೇಟುಗಳ ಬೆನ್ನಿಗೆ ಬರೆದು ಅಂಟಿಸಿದ್ದಾನೆ,
ದಿನಕ್ಕೆರಡು ಸಾಲು, ಉಳಿದದ್ದೆಲ್ಲ ಗೋಂದು.
ಕೊಡಿಬಾಗದ ಹುಡುಗನೊಬ್ಬ ವರ್ಷವಿಡೀ ಬರೆದದ್ದು
ಕಾಳಿ ಸೇತುವೆಯ ಬುಡದ ನಾಯಿಯ ವಿಷಯ.
ಅದಕ್ಕೊಂದು ಹೆಸರು ಹೊಳೆಯಲು
ಅಕ್ಟೋಬರ್ ಬರಬೇಕಾಯಿತು.

ಹದಿನಾಲ್ಕನೆಯದು ದಿನಚರಿಯೇ ಅಲ್ಲ,
ಬೈತಖೋಲದ ಐಸ್ ಫ್ಯಾಕ್ಟರಿಯ ಲೆಕ್ಕದ ವಹಿ.
ರುಕ್ಮಾ ಟಾಂಡೇಲ.
ಎಡಕ್ಕೆ ಎಷ್ಟು ಗಡ್ಡೆ, ಯಾವ ದೋಣಿ, ಎಷ್ಟು ಬಾಕಿ;
ಬಲಕ್ಕೆ, ಜಾಗ ಉಳಿದರೆ, ಒಂದು ಮಾತು.
"ಬಂಗಡೆ ಇಲ್ಲ."
"ಅವನು ಹೊರಗೆ ಊಟ."
"ಮಾತಿಲ್ಲ."
ಅದರ ಕೆಳಗೆ ಹತ್ತು ದಿನ
ಮೇಲಿನಂತೆ ಎನ್ನುವ ಎರಡೆರಡು ಗೀಟು,
ಬಾಕಿಗೆ ಹಾಕುತ್ತಾರಲ್ಲ, ಅದೇ.
ಹನ್ನೆರಡನೇ ದಿನ: "ಬೆಜಾರು."

ಇಲ್ಲಿ ನನ್ನ ಕೈ ಕೆಟ್ಟಿತು.
ಮದುವೆ ಕರೆಯೋಲೆ, ಟೆಂಡರು ನೋಟೀಸು,
ಉತ್ತರಕ್ರಿಯೆಯ ಕಾರ್ಡು,
ಮೂವತ್ತಾರು ವರ್ಷ ತಿದ್ದಿದ ಕೈ
ನನ್ನನ್ನು ಕೇಳದೆ ಕೆಂಪು ಪೆನ್ನು ಎತ್ತಿ
ಬೆ ಪಕ್ಕ ಒಂದು ದೀರ್ಘ ಎಳೆಯಿತು.
ಬೇಜಾರು. ಈಗ ಸರಿ.
ಮುಂದಿನ ಸಾಲಿಗೆ ಇಳಿದೆ:
"ರಾತ್ರಿ ಮುಳ್ಳು ಅವನೇ ತೆಗೆದ."

ಅಯ್ಯೋ, ಹ್ರಸ್ವದಲ್ಲೇ ಮುಗಿದಿತ್ತು ಅವಳಿಗೆ.
ಎಳೆದವನು ನಾನು.
ಅರ್ಧ ಬ್ಲೇಡು ಹಿಡಿದು ಮೆಲ್ಲಗೆ ಹೆರೆದೆ.
ಕಾಗದ ತೆಳ್ಳಗಾಯಿತು, ಇನ್ನೂ ತೆಳ್ಳಗೆ, ಆಮೇಲೆ ತೂತು.
ತೂತಿನಲ್ಲಿ ಆಚೆ ಪುಟದ ಲೆಕ್ಕ ಕಂಡಿತು:
ಏಳು ಗಡ್ಡೆ. ನಗದು.

ಕೂಡಿಸಿದರೆ ರೇವಣಕರರೇ ಮೊದಲು.
ಮೂರು ಸಲ ಕೂಡಿಸಿದೆ, ತಪ್ಪಿಲ್ಲ.
ಹದಿನಾಲ್ಕರ ಮುಂದೆ ಮೂರೂ ಮನೆ ಖಾಲಿ.
ಕಾರಣ ಬರೆಯಿರಿ ಎಂದರು ಸೈಲ ಮಾಸ್ತರರು.
"ತೀರ್ಪುಗಾರರು ಕೆಡಿಸಿದ್ದಾರೆ" ಎಂದು ಬರೆದೆ.

ವಹಿ ಮರಳಿಸಲು ನಾನೇ ಹೋದೆ.
ಗಡ್ಡೆ ಪುಡಿಮಾಡುವ ಯಂತ್ರದ ಸದ್ದಿಗೆ
ತಪ್ಪಾಯಿತು ಎನ್ನುವುದನ್ನು ಎರಡು ಸಲ ಕೂಗಬೇಕಾಯಿತು.
ಹ್ರಸ್ವ, ದೀರ್ಘ, ಎಲ್ಲ ವಿವರಿಸಿದೆ.
ಅವಳು ಪುಟವನ್ನು ಬೆಳಕಿಗೆ ಹಿಡಿದು
ತೂತಿನಿಂದ ನನ್ನನ್ನೇ ನೋಡಿದಳು.
"ಗಿಡ್ಡವೋ ಉದ್ದವೋ, ನನ್ನ ಕಿವಿಗೆ ಎರಡೂ ಒಂದೇ.
ಅದಿರಲಿ, ಇದು ನಿಮ್ಮ ಹತ್ರ ಹ್ಯಾಗೆ?
ಕಳೆದೇ ಹೋಯ್ತು ಅಂತ ಬೇರೆ ವಹಿ ಹಾಕಿದ್ದೆ."

ಸ್ಪರ್ಧೆಗೆ ಬಂದಿತ್ತು ಎಂದೆ.
ಚೀಟಿಯಲ್ಲಿ ಕೊಟ್ಟವರ ಸಹಿ ಇತ್ತು, ತೋರಿಸಿದೆ.
ಗಂಡನ ಸಹಿಯನ್ನು ಬಹಳ ಹೊತ್ತು ನೋಡಿದಳು.
ಯಂತ್ರ ನಿಂತಿತು. ಯಾರೋ ಐಸು ಕೇಳಿದರು, ಕೇಳಲಿಲ್ಲ ಅವಳಿಗೆ.
"ಹಾಗಾದ್ರೆ ಓದಿದ್ದಾನೆ," ಎಂದಳು,
ನನಗಲ್ಲ.

ಹೊಸ ವಹಿ ತೆಗೆದು ಆ ದಿನದ ಬಲಬದಿಯಲ್ಲಿ
ಏನೋ ಬರೆದಳು, ಸಣ್ಣದು.
ನಾನು ಓದಬಾರದಿತ್ತು. ಕಣ್ಣು ಓದಿತು.
ಅದರಲ್ಲೂ ಒಂದು ದೀರ್ಘ ಇರಲಿಲ್ಲ.
ಪೆನ್ನು ಮನೆಯಲ್ಲಿತ್ತು.