ಸರ್ವೆ ನಂಬರ್ ನೂರಾ ಹದಿನೇಳು

ಶಾಲಿ ಪಡಸಾಲ್ಯಾಗ ಸಭಾ ಕೂಡಿತ್ತು.
ಶಿರಹಟ್ಟಿಯಿಂದ ಬಂದ ಸಾಹೇಬ್ರು ಗ್ವಾಡಿಗೆ ನಕಾಶಿ ಹಚ್ಚಿದ್ರು.
ನಮ್ಮ ಗಾಯರಾಣ ಅದರಾಗ ಬರೇ ಬಿಳೇ ಜಾಗಾ,
ಕರಡ ಇಲ್ಲ, ಬಾರಿಗಿಡ ಇಲ್ಲ,
ಕುರಿ ತುಳದ ದಾರಿ ಒಂದೂ ಇಲ್ಲ.

ಡೇಟಾ ಸೆಂಟರ್ ಅಂದ್ರ ಉಗ್ರಾಣ ಇದ್ದಂಗ, ಅಂದ್ರು.
ಹೊಗಿ ಇಲ್ಲ, ನಾತ ಇಲ್ಲ.
ಒಳಗ ಬಿಸಿ ಆಗತೈತಿ, ತಂಪ ಮಾಡಾಕ ನೀರು ಬೇಕು.
ಎಷ್ಟು? ಅಂದ್ರ
ಕಾಗದ ತಿರುವಿದ್ರು.

ಬಾಗಲಾ ಹಿಡದು ನಿಂತಿದ್ದ ಯಮನವ್ವ ಕೇಳಿದ್ಲು:
'ನಮ್ಮ ಹಿಂಡು ಒಂದ ರಾತ್ರಿ ತರುಬಿದ್ರ
ಹೊಲದ ತುಂಬ ಹಿಕ್ಕಿ.
ಹೊಲದಾವ್ರು ತಾವಾಗೇ ಜ್ವಾಳ ಅಳದು ಕೊಡ್ತಾರ.
ನಿಮ್ದು ಮೂವತ್ತು ವರ್ಷ ಕುಂದ್ರತೈತಂತ.
ಎದ್ದು ಹೋಗಬೇಕಾದ್ರ ಏನ ಬಿಟ್ಟು ಹೋಗತೈತಿ?'

ಮುಂದಿನ ಸಾಲಿನವ್ರು ನಕ್ಕರು.
ಕಾರಕೂನ ಬರಕೊಂಡ: ಇತರೆ ವಿಷಯ.

ಬ್ಯಾಡ ಅನ್ನಾವ್ರು ಕೈ ಎತ್ರಿ ಅಂದ್ರು.
ನನ್ನ ಕೈಯಾಗ ಮೊಬೈಲ್ ಇತ್ತು.
ಅದರಾಗ ನನ್ನ ಟಗರು, ಮೂರು ವರ್ಷದ ಹಿಂದಿಂದು,
ಕೋಡಿಗೆ ಅರಿಷಿಣ, ಕೊಳ್ಳಾಗ ಕೆಂಪು ದಾರ.
ಅಮೀನಗಡ ಸಂತಿ ದಲಾಲಿಗೆ ರೇಟಿಗಂತ ಕಳಿಸಿದ ಫೋಟೋ.
ಮಾರಿದ್ದಾತು. ಕಡದ್ರು, ಉಂಡ್ರು,
ತೊಗಲು ಯಾವ ಊರಿನ ಹಲಗಿಗೆ ಹೋತೋ.

ಕೈ ಎತ್ತಿದೆ, ಸ್ವಲ್ಪ ತಡಾ ಮಾಡಿ.

ಈಗೂ ಎಲ್ಲೋ, ಯಾರದೋ ಗಾಯರಾಣದಾಗ,
ಕಿಟಕಿ ಇಲ್ಲದ ತಣ್ಣನ ಖೋಲ್ಯಾಗ
ಅದು ನಿಂತೇ ಐತಿ.
ಮೇವು ಕೇಳೂದಿಲ್ಲ.
ನೀರು ಕುಡ್ಯಾಕತ್ತೈತಿ.