ತುಕ್ಕು ಹಿಡಿಯುವಂಥದ್ದು

ಎಸ್.ಪಿ. ರೋಡಿನಲ್ಲಿ, ಬೇರಿಂಗು ಮಾರುವವನ ಪಕ್ಕ,
ಮೆಟ್ಟಿಲು ಹತ್ತಿದರೆ ಒಂದು ಇಕ್ಕಟ್ಟು ಅಂಗಡಿ.
ಪುಖರಾಜ್ ಎರಡು ಕತ್ತರಿ ತೆಗೆದು ಗಾಜಿನ ಮೇಲಿಟ್ಟ.
ಒಂದು ಫಳಫಳ, ಒಂದು ಕರ್ರಗೆ.
"ಎರಡೂ ಜಪಾನಿಂದೇ ಅಮ್ಮಾ. ಬಿಳೀದು ತಗೊಳ್ಳಿ,
ಜನ್ಮದಲ್ಲಿ ತುಕ್ಕು ಹಿಡಿಯಲ್ಲ.
ಕರೀದು ಬರೀ ತಾಪತ್ರಯ."

ಇಪ್ಪತ್ತೆಂಟು ವರ್ಷ ಜಾಲಹಳ್ಳಿಯಲ್ಲಿ
ಕೈಗಡಿಯಾರಕ್ಕೆ ಕೂದಲೆಳೆ ಸ್ಪ್ರಿಂಗು ಕೂರಿಸಿದ ಬೆರಳು,
ಮಾತು ಕೇಳಲಿಲ್ಲ.
ಕರೀದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದೆ:
ಅಲಗು ಅಲಗಿನ ನಡುವೆ ಒಂದಿಷ್ಟೇ ಇಷ್ಟು ಸಂದು,
ತುದಿಯಲ್ಲಿ ಮಾತ್ರ ಮುಟ್ಟಿಕೊಳ್ಳುತ್ತವೆ,
ಜಗಳವಾಡಿ ರಾಜಿಯಾದ ಓರಗಿತ್ತಿಯರ ಹಾಗೆ.
ಒದ್ದೆ ಮಾಡಿದ ಟಿಶ್ಯೂ ಕಾಗದ ಕತ್ತರಿಸಿದೆ.
ಸದ್ದಿಲ್ಲ. ಕೊನೆಗೊಂದು ಚಿಕ್.
ಬುಡದಲ್ಲಿ ಮೂರಕ್ಷರದ ಮುದ್ರೆ,
ಓದಲು ನನಗೂ ಬಾರದು, ಪುಖರಾಜನಿಗೂ.
ಬೆಲೆ ಹೇಳುವಾಗ ಅವನೇ ದನಿ ತಗ್ಗಿಸಿದ.
ಅಷ್ಟಕ್ಕೆ ಒಂದು ಗ್ರೈಂಡರ್ ಬರುತ್ತಿತ್ತು.

ತಾರಸಿಯಲ್ಲಿ, ತಟ್ಟೆಯೊಳಗೆ, ನನ್ನ ಬಸರಿ ಮರ.
ಹನ್ನೊಂದು ವರ್ಷ, ಮೊಳದೆತ್ತರ.
ಮತ್ತೀಕೆರೆಯಲ್ಲಿ ಒಂದು ಮನೆ ಕೆಡವುವಾಗ
ಗೋಡೆಯ ಬಿರುಕಿನಿಂದ ಬಿಡಿಸಿ ತಂದದ್ದು,
ಬೇರಿಗೆ ಇನ್ನೂ ಗಾರೆ ಕಚ್ಚಿಕೊಂಡಿತ್ತು.
ಕೊಂಬೆ ಕತ್ತರಿಸಿದರೆ ಹಾಲು.
ಆ ಹಾಲು ಅಲಗಿನ ಮೇಲೆ ಗಂಟೆ ಕಳೆದರೆ ಕಂದು,
ರಾತ್ರಿ ಕಳೆದರೆ ತುಕ್ಕು.
ಆಗಲೇ ಒರೆಸಬೇಕು. ಕುಕ್ಕರ್ ಕೂಗಿಕೊಳ್ಳಲಿ,
ಬಾಗಿಲಲ್ಲಿ ಯಾರಾದರೂ ನಿಂತಿರಲಿ.
ತೆಂಗಿನೆಣ್ಣೆ ಸವರಿ ನೋಡಿದೆ, ಅಂಟಾಯಿತು.
ಈಗ ಹೊಲಿಗೆ ಮೆಷಿನ್ನಿನ ಎಣ್ಣೆ;
ತಿರುಗುವ ಕೀಲಿಗೆ ಮಾತ್ರ
ಕಾರ್ಖಾನೆಯ ಕೊನೆಯ ದಿನ ಸೆರಗಲ್ಲಿ ಬಂದ
ಗಡಿಯಾರದ ಎಣ್ಣೆ, ಸೂಜಿಮೊನೆಯಲ್ಲಿ ಒಂದು ಹನಿ.
(ಕದ್ದದ್ದೇ. ಯಾರೂ ಕೇಳಲಿಲ್ಲ.)

ಆಗಸ್ಟಿನ ಜಿಟಿಜಿಟಿಯಲ್ಲಿ ಇಂಟರ್ನೆಟ್ ಹುಡುಗ ಬಂದು,
ಕೈಗೆ ಸಿಕ್ಕಿತೆಂದು, ಅದರಿಂದಲೇ ತಂತಿ ಕತ್ತರಿಸಿದ.
"ಸಾರಿ ಆಂಟಿ, ಚೆನ್ನಾಗಿ ಕಟ್ ಆಯ್ತು."
ಅಲಗಿನಲ್ಲಿ ಅರ್ಧ ಎಳ್ಳಿನಷ್ಟು ಹಲ್ಲು ಮುರಿದಿತ್ತು.

ಸಾಣೆಯ ದಸ್ತಗೀರ್ ಸೈಕಲ್ ನಿಲ್ಲಿಸಿ ಕೈ ಚಾಚಿದರು.
ಕೊಡಲಿಲ್ಲ. ಚಕ್ರದ ಕಿಡಿಗೆ ಉಕ್ಕು ನೀಲಿಯಾಗುತ್ತದೆ,
ನೀಲಿಯಾದದ್ದು ಮತ್ತೆ ಹರಿತ ನಿಲ್ಲಿಸುವುದಿಲ್ಲ.
ಅವರಿಗೂ ಗೊತ್ತು. ತಿರುಗಿಸಿ ತಿರುಗಿಸಿ ನೋಡಿ,
"ಇದು ಕೂತು ಮಾಡೋ ಕೆಲಸ" ಅಂದು, ಬೆಲ್ಲು ಹೊಡೆದು ಹೋದರು.

ಕೂತೆ. ಒದ್ದೆ ಕಲ್ಲು, ಬೋರ್‌ವೆಲ್ ನೀರು,
ಇಳಿಜಾರಿನ ಕಡೆ ಮಾತ್ರ, ಒಂದೇ ಓರೆ,
ಚಪ್ಪಟೆ ಬೆನ್ನು ಮುಟ್ಟುವ ಹಾಗಿಲ್ಲ.
ಸರ್ರ್, ಸರ್ರ್.
ಆ ಸದ್ದಿಗೆ ಅತ್ತೆಯ ಈಳಿಗೆ ಬಂದು ಎದುರಿಗೆ ಕೂತಿತು.

ಅದೂ ಕರ್ರಗೇ. ಬಾಳೆಕಾಯಿ ಹೆಚ್ಚಿದ ಮೇಲೆ ಒರೆಸು,
ಹಲಸಿಗೆ ಮೊದಲು ಎಣ್ಣೆ ಹಚ್ಚು, ಒದ್ದೆ ಇಡಬೇಡ.
ನಾನು ಶಿಫ್ಟಿಗೆ ಓಡುತ್ತ ಹೂಂ ಅನ್ನುತ್ತಿದ್ದೆ.
ಎಂಬತ್ತಾರರಲ್ಲಿ ಬೀದಿಗೆ ಸ್ಟೀಲಿನವನು ಬಂದ,
ಹಳೇ ಕಬ್ಬಿಣ ತೂಗಿದ, ಮೂರು ಬಟ್ಟಲು ಕೊಟ್ಟ.
ಅತ್ತೆ ಏನೂ ಕೇಳಲಿಲ್ಲ.
ಸಂಜೆ ಎಣ್ಣೆಬಟ್ಟೆ ಹಿಡಿದು
ಖಾಲಿ ಮೂಲೆಯ ಮುಂದೆ ಒಂದು ಗಳಿಗೆ ನಿಂತು,
ಬಟ್ಟೆಯನ್ನು ಮಡಿಸಿ ಒಳಗಿಟ್ಟರು.

ಬಟ್ಟಲು ಇನ್ನೂ ಇವೆ. ಹೊಳೆಯುತ್ತವೆ.
ಅವುಗಳಿಗೆ ನಾನು ಯಾವತ್ತೂ ಏನೂ ಮಾಡಬೇಕಾಗಿ ಬರಲಿಲ್ಲ.

ಮುರಿದ ಹಲ್ಲು ಪೂರ್ತಿ ಹೋಗಿಲ್ಲ.
ಇನ್ನಷ್ಟು ಉಜ್ಜಿದರೆ ಹೋದೀತು, ಜೊತೆಗೆ ಉಕ್ಕೂ.
ಬಿಟ್ಟಿದ್ದೇನೆ. ಪ್ರತಿ ಕತ್ತರಿಗೆ ಆ ಜಾಗದಲ್ಲಿ
ಕೈ ಒಂಚೂರು ಎಡವುತ್ತದೆ.
ನಾಳೆ ಮೋಡ ಹರಿದರೆ
ಬಸರಿಯ ತೆಂಕಣ ಕೊಂಬೆ ತೆಗೆಯಬೇಕು,
ಬಟ್ಟೆ ಈಗಲೇ ಹೆಗಲ ಮೇಲಿದೆ.